ಸಾಲ ತೀರುವಳಿಯ ಹಾದಿಯಲ್ಲಿ ಬ್ಯಾಂಕ್ ಖಾತೆ, ಕಂತು, ಆಟೋ ಡೆಬಿಟ್: ಮನೆಯವರು ತಿಳಿದಿರಬೇಕಾದ ಸಂಗತಿಗಳು



ನಮ್ಮಲ್ಲಿ ಹೆಚ್ಚಿನ ಮನೆಗಳು ವ್ಯಾಪಾರ ನಂಬಿದ ಮನೆಗಳು. ವ್ಯಾಪಾರ ಎಂದಮೇಲೆ ಸಾಲ ಇದ್ದೇ ಇರುತ್ತದೆ. ಸಾಲ ಮಾಡುವುದನ್ನು ಹಿರಿಯರು ಕಲಿಸಿದ್ದಾರೆ, ತೀರಿಸುವುದನ್ನೂ ಕಲಿಸಿದ್ದಾರೆ. ತೀರಿಸಲು ಆಗದ ಸ್ಥಿತಿ ಬಂದರೆ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಅದು ನಾಚಿಕೆಯ ವಿಷಯ ಎಂದು ಬಾಯಿ ಮುಚ್ಚಿಕೊಂಡೇ ಬಂದೆವು.

ಕೆಲವು ವರ್ಷಗಳ ಹಿಂದೆ ನನ್ನ ಅಂಗಡಿಯ ವಹಿವಾಟು ಕುಸಿದಾಗ ನಾನೂ ಹಾಗೆಯೇ ಮಾಡಿದೆ. ಬ್ಯಾಂಕಿನೊಂದಿಗೆ ತೀರುವಳಿಯ ಮಾತುಕತೆ ನಡೆಸುತ್ತಿದ್ದೆ. ಆದರೆ ಹಳೆಯ ಆಟೋ ಡೆಬಿಟ್‌ಗಳನ್ನೆಲ್ಲ ಇದ್ದ ಹಾಗೆಯೇ ಬಿಟ್ಟಿದ್ದೆ. ಐದನೇ ತಾರೀಕು ಕಾರಿನ ಕಂತು, ಏಳಕ್ಕೆ ಟರ್ಮ್ ಲೋನ್, ಹತ್ತಕ್ಕೆ ಕಾರ್ಡಿನ ಬಾಕಿ. ಮನೆಯ ಆರೋಗ್ಯ ವಿಮೆಯ ಕಂತೂ ಅದೇ ಖಾತೆಯಿಂದ ಹೋಗಬೇಕಿತ್ತು. ಹಣವನ್ನು ಕಾರಿನ ಕಂತು ನುಂಗಿತು, ವಿಮೆಯ ಕಂತು ಬೌನ್ಸ್ ಆಯಿತು. ಆ ಮೆಸೇಜನ್ನು ನಾನು ನೋಡಲಿಲ್ಲ, ಪಾಲಿಸಿ ನಿಂತುಹೋಯಿತು. ಎರಡು ತಿಂಗಳ ನಂತರ ತಾಯಿಯವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆ ಬಿಲ್ಲು ಕಟ್ಟಲು ಮತ್ತೆ ಕೈಸಾಲ ಮಾಡಿದೆ. ತಪ್ಪು ನನ್ನದೇ. ಆಮೇಲೆ ಎಷ್ಟೋ ಮನೆಗಳವರ ಜೊತೆ ಕುಳಿತು ಕಾಗದಪತ್ರ ಸರಿಮಾಡಿಕೊಟ್ಟಿದ್ದೇನೆ, ಹೆಚ್ಚು ಕಡಿಮೆ ಇದೇ ತಪ್ಪನ್ನು ಎಲ್ಲ ಕಡೆ ಕಂಡಿದ್ದೇನೆ. ಅದಕ್ಕಾಗಿ ಈ ಲೇಖನ.

ನಾನು ವಕೀಲನಲ್ಲ. ಇಲ್ಲಿರುವುದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾಹಿತಿ. ನಿಮ್ಮ ಸಾಲದ ಕಾಗದಗಳನ್ನು ಒಬ್ಬ ವಕೀಲರಿಗೋ ಲೆಕ್ಕಪರಿಶೋಧಕರಿಗೋ ತೋರಿಸಿಯೇ ಮುಂದಿನ ಹೆಜ್ಜೆ ಇಡಿ.

ಕ್ರಮಬದ್ಧ ಪರಿಹಾರಕ್ಕೆ ಯಾವ ಯಾವ ದಾರಿಗಳಿವೆ?

1. ಮರುಹೊಂದಾಣಿಕೆ: ಕಂತಿನ ಮೊತ್ತ ಇಳಿಸಿ, ಅವಧಿ ಹೆಚ್ಚಿಸಿ ಕೊಡುವುದು. ಕಂತು ತಪ್ಪುವ ಮೊದಲೇ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ತಯಾರಿಕೆ ಅಥವಾ ಸೇವೆಯ ಘಟಕವಿದ್ದು ಉದ್ಯಮ್ ನೋಂದಣಿ ಇದ್ದವರಿಗೆ, 25 ಕೋಟಿ ರೂಪಾಯಿವರೆಗಿನ ಸಾಲಕ್ಕೆ, ಕೇಂದ್ರ ಸರ್ಕಾರದ 2015ರ ಪುನಶ್ಚೇತನ ಚೌಕಟ್ಟು ಇದೆ. ಅದರಡಿ ಬ್ಯಾಂಕಿನ ಸಮಿತಿಗೆ ನೀವೇ ಅರ್ಜಿ ಕೊಡಬಹುದು. ಕೊಂಡು ಮಾರುವ ಅಂಗಡಿಯವರಿಗೆ ಉದ್ಯಮ್ ನೋಂದಣಿ ಕೊಡುವುದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಆದ್ದರಿಂದ ಅವರು ಈ ಚೌಕಟ್ಟನ್ನೇ ನೆಚ್ಚಿಕೊಂಡು ಕೂರಬಾರದು.

2. ಒನ್ ಟೈಮ್ ಸೆಟಲ್‌ಮೆಂಟ್: ಒಂದು ಮೊತ್ತಕ್ಕೆ ಒಪ್ಪಿ ಸಾಲ ಮುಗಿಸುವುದು. ಇದಕ್ಕೆ ಪ್ರತಿ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿ ಇರಬೇಕೆಂದು ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಹೇಳಿದೆ. ಹೀಗೆ ತೀರಿಸಿಕೊಂಡವರಿಗೆ ಅದೇ ಬ್ಯಾಂಕು ಮತ್ತೆ ಸಾಲ ಕೊಡಬೇಕಾದರೆ, ಕೃಷಿ ಸಾಲ ಬಿಟ್ಟು ಉಳಿದವಕ್ಕೆ, ಕನಿಷ್ಠ 12 ತಿಂಗಳು ಕಳೆದಿರಬೇಕು.

3. ಲೋಕ ಅದಾಲತ್: ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಯ ಮೂಲಕ. ಕೋರ್ಟ್ ಶುಲ್ಕವಿಲ್ಲ. ಆದರೆ ಅಲ್ಲಿ ಮಾಡಿದ ಸಹಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಕಟ್ಟಲು ಸಾಧ್ಯವಿರುವ ಮೊತ್ತಕ್ಕೆ ಮಾತ್ರ ಸಹಿ ಮಾಡಿ.

4. ದಿವಾಳಿ ಅರ್ಜಿ: ಇದು ಕೊನೆಯ ದಾರಿ. 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಜಾರಿಯಾಗಿದೆ. ಉಳಿದ ವ್ಯಕ್ತಿಗಳಿಗೂ ಪಾಲುದಾರಿಕೆ ಸಂಸ್ಥೆಗಳಿಗೂ ನಮ್ಮ ರಾಜ್ಯದಲ್ಲಿ ಹಳೆಯ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಇದೆ. ದಿವಾಳಿ ಎಂದು ಕೋರ್ಟು ಘೋಷಿಸಿದ ಮೇಲೆ ನಿಮ್ಮ ಆಸ್ತಿಯೆಲ್ಲ ಕೋರ್ಟು ಅಥವಾ ಅದು ನೇಮಿಸಿದ ರಿಸೀವರ್ ಕೈಗೆ ಹೋಗುತ್ತದೆ.

ಯಾವ ದಾರಿ ಹಿಡಿದರೂ ಅರ್ಜಿ ಕೊಟ್ಟ ದಿನದಿಂದ ಒಪ್ಪಂದವಾಗುವ ದಿನದವರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆ ಅವಧಿಯಲ್ಲಿ ಮನೆ ನಡೆಯಬೇಕು, ಔಷಧಿ ಬರಬೇಕು, ಮಕ್ಕಳ ಫೀ ಕಟ್ಟಬೇಕು. ಖಾತೆ ನಿಭಾಯಿಸುವ ಜಾಣತನ ಬೇಕಾಗುವುದು ಆಗಲೇ.

ಮೊದಲ ಕೆಲಸ: ಒಂದು ಪಟ್ಟಿ

ಕಳೆದ 12 ತಿಂಗಳ ಸ್ಟೇಟ್‌ಮೆಂಟನ್ನು ಎಲ್ಲ ಖಾತೆಗಳಿಗೂ ತೆಗೆಸಿ. ಹನ್ನೆರಡು ತಿಂಗಳೇ ಏಕೆಂದರೆ ವರ್ಷಕ್ಕೊಮ್ಮೆ ಹೋಗುವ ವಿಮೆ, ಲಾಕರ್ ಬಾಡಿಗೆ, ಕಾರ್ಡಿನ ವಾರ್ಷಿಕ ಶುಲ್ಕಗಳು ಮೂರು ತಿಂಗಳ ಹಾಳೆಯಲ್ಲಿ ಕಾಣುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಐದು ಕಲಮು ಹಾಕಿ: ತಾರೀಕು, ಯಾರಿಗೆ, ಎಷ್ಟು, ಯಾವ ಖಾತೆಯಿಂದ, ಯಾವ ರೀತಿ.

ಕೊನೆಯ ಕಲಮು ಬಹಳ ಮುಖ್ಯ. ಹಣ ತಾನಾಗಿ ಹೋಗುವುದಕ್ಕೆ ನಾಲ್ಕು ಬಾಗಿಲುಗಳಿವೆ, ನಾಲ್ಕನ್ನೂ ಮುಚ್ಚುವ ಜಾಗ ಬೇರೆ ಬೇರೆ.

- ನ್ಯಾಚ್ ಮ್ಯಾಂಡೇಟ್: ಸಾಲದ ಕಂತು, ವಿಮೆ, ಎಸ್‌ಐಪಿ ಹೆಚ್ಚಾಗಿ ಹೀಗೆ ಹೋಗುತ್ತವೆ. ರದ್ದು ಮಾಡಲು ನಿಮ್ಮ ಬ್ಯಾಂಕಿಗೆ ಅಥವಾ ಹಣ ಪಡೆಯುವ ಸಂಸ್ಥೆಗೆ ಬರೆದುಕೊಡಬೇಕು.
- ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್: ಅದೇ ಬ್ಯಾಂಕಿನೊಳಗಿನ ಸಾಲಕ್ಕೆ, ಆರ್‌ಡಿಗೆ. ಶಾಖೆಯಲ್ಲೇ ಕೇಳಬೇಕು.
- ಕಾರ್ಡಿನ ಇ-ಮ್ಯಾಂಡೇಟ್: ಟಿವಿ, ಸಿನಿಮಾ ಆ್ಯಪ್‌ಗಳ ಚಂದಾ ಇತ್ಯಾದಿ. ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಯಾವಾಗ ಬೇಕಾದರೂ ರದ್ದು ಮಾಡುವ ಹಕ್ಕು ನಿಮಗಿದೆ.
- ಯುಪಿಐ ಆಟೋಪೇ: ಫೋನಿನ ಆ್ಯಪ್‌ನಲ್ಲೇ ಪಟ್ಟಿ ಇರುತ್ತದೆ. ಸಾಲದ ಕಂತಿಗೆ ಕೊಟ್ಟ ಕೆಲವು ಅನುಮತಿಗಳು ಆ್ಯಪ್‌ನಲ್ಲಿ ರದ್ದಾಗದಿದ್ದರೆ ಬ್ಯಾಂಕಿಗೆ ಬರೆದುಕೊಡಿ.

ಇದರ ಜೊತೆ ನಮ್ಮ ಊರುಗಳ ಲೆಕ್ಕವನ್ನೂ ಸೇರಿಸಿ: ದಿನಾ ಸಂಜೆ ಬರುವ ಪಿಗ್ಮಿ, ತಿಂಗಳ ಚೀಟಿ, ಸೌಹಾರ್ದ ಸಹಕಾರಿಯ ಕಂತು, ಗೋಶಾಲೆಗೋ ಬಸದಿಗೋ ಪ್ರತಿ ತಿಂಗಳು ಹೋಗುವ ದೇಣಿಗೆ, ಮೂರು ಕಂತಿನಲ್ಲಿ ಕೊಡುತ್ತೇನೆಂದು ಸವಾಲಿನಲ್ಲಿ ಒಪ್ಪಿಕೊಂಡ ಬಾಕಿ. ಇವು ಸ್ಟೇಟ್‌ಮೆಂಟಿನಲ್ಲಿ ಕಾಣದಿದ್ದರೂ ಗಲ್ಲಾದಿಂದ ಹೋಗುವ ಹಣವೇ.

ಯಾವ ಹಣ ಯಾವ ಖಾತೆಗೆ?

ಸಾಲ ಕೊಟ್ಟ ಬ್ಯಾಂಕಿನಲ್ಲೇ ನಿಮ್ಮ ಉಳಿತಾಯ ಖಾತೆ ಇದ್ದು ಸಾಲ ಸುಸ್ತಿಯಾಗಿದ್ದರೆ, ಉಳಿತಾಯದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವ ಹಕ್ಕು ಬ್ಯಾಂಕಿಗೆ ಸಾಮಾನ್ಯವಾಗಿ ಇರುತ್ತದೆ. ಇದನ್ನು ಸೆಟ್ ಆಫ್ ಎನ್ನುತ್ತಾರೆ. ಸಾಲದ ಕರಾರಿನಲ್ಲಿ ನೀವೇ ಸಹಿ ಮಾಡಿರುತ್ತೀರಿ. ಮಗಳ ಫೀಗೆಂದು ಸೋಮವಾರ ಹಾಕಿದ ಹಣ ಮಂಗಳವಾರ ಇಲ್ಲದಿರುವುದು ಹೀಗೆ.

ಆದ್ದರಿಂದ ಮನೆ ಖರ್ಚಿನ ಹಣಕ್ಕೆ, ನಿಮ್ಮ ಸಾಲವಿಲ್ಲದ ಬೇರೆ ಬ್ಯಾಂಕಿನಲ್ಲಿ ಒಂದು ಸರಳ ಉಳಿತಾಯ ಖಾತೆ ತೆರೆಯಿರಿ. ಬೇಸಿಕ್ ಸೇವಿಂಗ್ಸ್ ಖಾತೆಯಾದರೆ ಕನಿಷ್ಠ ಶಿಲ್ಕಿನ ದಂಡವಿಲ್ಲ. ಸಂಬಳ, ಮನೆ ಬಾಡಿಗೆ, ಪಿಂಚಣಿ ಮುಂತಾದ ಮನೆಯ ಆದಾಯ ಅಲ್ಲಿಗೆ ಬರಲಿ. ಬಾಡಿಗೆಯನ್ನು ಸಾಲಕ್ಕೆಂದೇ ಬರೆದುಕೊಟ್ಟಿದ್ದರೆ ಮಾತ್ರ ಅದು ಸಾಲದ ಖಾತೆಗೇ ಹೋಗಬೇಕು. ಹೊಸ ಖಾತೆ ತೆರೆಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ತೀರುವಳಿ ಅರ್ಜಿಯಲ್ಲಿ ಖಾತೆಗಳ ವಿವರ ಕೇಳಿದಾಗ ಇದನ್ನೂ ಬರೆಯಲೇಬೇಕು.

ಈಗ ವ್ಯಾಪಾರಿಗಳಿಗೆ ಒಂದು ಗಟ್ಟಿ ಎಚ್ಚರಿಕೆ. ನಿಮಗೆ ಸಿ.ಸಿ. ಖಾತೆ ಇದ್ದರೆ, ಅಂಗಡಿಯ ಮಾರಾಟದ ಹಣ ಆ ಖಾತೆಯ ಮೂಲಕವೇ ಹೋಗಬೇಕೆಂದು ಮಂಜೂರಾತಿ ಪತ್ರದಲ್ಲಿ ಬರೆದಿರುತ್ತದೆ. ಕ್ಯೂಆರ್ ಕೋಡ್ ಬದಲಿಸಿ ಮಾರಾಟದ ಹಣವನ್ನು ಹೆಂಡತಿಯ ಖಾತೆಗೆ ತಿರುಗಿಸಿದರೆ ಅದು ಹಣ ಬೇರೆಡೆ ಸಾಗಿಸಿದಂತೆ. ಉದ್ದೇಶಪೂರ್ವಕ ಸುಸ್ತಿದಾರ ಎಂಬ ಹಣೆಪಟ್ಟಿ ಬರುವ ದಾರಿಗಳಲ್ಲಿ ಇದೂ ಒಂದು. ಆ ಹಣೆಪಟ್ಟಿ ಬಂದರೆ ಮುಂದೆ ಸಾಲ ಸಿಗುವ ಬಾಗಿಲು ಮುಚ್ಚಿದಂತೆಯೇ. ಬದಲಾಗಿ ಮ್ಯಾನೇಜರಿಗೆ ಪತ್ರ ಬರೆದು, ಸಿ.ಸಿ. ಖಾತೆಯಿಂದ ತಿಂಗಳಿಗೆ ಇಷ್ಟು ಮೊತ್ತವನ್ನು ಮನೆ ಖರ್ಚಿಗೂ ಕೆಲಸದವರ ಸಂಬಳಕ್ಕೂ ತೆಗೆಯಲು ಬಿಡಿ ಎಂದು ಕೇಳಿ. ಬಹಳಷ್ಟು ಮ್ಯಾನೇಜರುಗಳು ಅಂಗಡಿ ನಡೆಯಲಿ ಎಂದೇ ಬಯಸುತ್ತಾರೆ.

ಹೆಂಡತಿಯ ಸ್ವಂತ ಸಂಪಾದನೆ ಅವರ ಒಬ್ಬರದೇ ಹೆಸರಿನ ಖಾತೆಯಲ್ಲಿರಲಿ. ಜಂಟಿ ಖಾತೆಯಲ್ಲಿ ಎರಡೂ ಕಡೆಯ ಹಣ ಬೆರೆತರೆ ಯಾವುದು ಯಾರದ್ದೆಂದು ಆಮೇಲೆ ತೋರಿಸುವುದು ಕಷ್ಟ. ಆದರೆ ಅವರು ಅದೇ ಸಾಲಕ್ಕೆ ಜಾಮೀನು ಹಾಕಿದ್ದರೆ ಅವರ ಹೊಣೆಯೂ ನಿಮ್ಮಷ್ಟೇ ಎಂಬುದು ನೆನಪಿರಲಿ. ಅಣ್ಣತಮ್ಮಂದಿರು, ಬೀಗರು ಜಾಮೀನು ನಿಂತಿದ್ದರೆ ಅವರಿಗೆ ವಿಷಯವನ್ನು ನೀವೇ ಮೊದಲು ತಿಳಿಸಿ. ಬ್ಯಾಂಕಿನ ನೋಟಿಸಿನಿಂದ ತಿಳಿದರೆ ಸಂಬಂಧ ಉಳಿಯುವುದಿಲ್ಲ.

ಕೋರ್ಟು ಜಪ್ತಿ ಮಾಡುವಾಗಲೂ ಕೈ ಹಾಕಬಾರದ ಕೆಲವು ವಸ್ತುಗಳಿವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ, ಪಿಪಿಎಫ್ ಹಣ, ಸರ್ಕಾರಿ ಪಿಂಚಣಿ, ಜೀವ ವಿಮೆಯಿಂದ ಬರುವ ಹಣ ಇವಕ್ಕೆ ರಕ್ಷಣೆ ಇದೆ. ಇದನ್ನು ತಿಳಿಯದೆ ಹೆದರಿ ಪಿಪಿಎಫ್ ಒಡೆದು ಕಾರ್ಡಿನ ಬಡ್ಡಿಗೆ ಸುರಿದವರನ್ನು ನೋಡಿದ್ದೇನೆ.

ಯಾವುದನ್ನು ನಿಲ್ಲಿಸಬಾರದು?

ಆರೋಗ್ಯ ವಿಮೆ ಮೊದಲು. ವಾರ್ಷಿಕ ಕಂತಿಗೆ ಸಾಮಾನ್ಯವಾಗಿ 30 ದಿನಗಳ ಹೆಚ್ಚುವರಿ ಅವಧಿ ಇರುತ್ತದೆ. ಅದೂ ಮೀರಿದರೆ ಹಳೆಯ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾದು ಪಡೆದ ಸೌಲಭ್ಯವೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಮನೆಯ ಹಿರಿಯರಿಗೆ ಹೊಸ ಪಾಲಿಸಿ ಸಿಗುವುದೇ ಕಷ್ಟ. ಇದನ್ನು ಮನೆ ಖರ್ಚಿನ ಹೊಸ ಖಾತೆಗೆ ವರ್ಗಾಯಿಸಿ, ಆಟೋ ಡೆಬಿಟ್ ನಂಬದೆ ಕೈಯಾರೆ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಜೀವ ವಿಮೆ, ಅದರಲ್ಲೂ ಟರ್ಮ್ ಪಾಲಿಸಿ. ಸಾಲವಿರುವ ಮನೆಗೇ ಇದು ಹೆಚ್ಚು ಬೇಕು. ತಿಂಗಳ ಕಂತಿಗೆ 15 ದಿನ, ಉಳಿದವಕ್ಕೆ 30 ದಿನ ಹೆಚ್ಚುವರಿ ಸಮಯ ಇರುತ್ತದೆ.

ವಿದ್ಯುತ್, ನೀರು, ಬಾಡಿಗೆ, ಮಕ್ಕಳ ಫೀ. ಶಾಲೆಯವರಲ್ಲಿ ಕಂತು ಕೇಳಲು ಸಂಕೋಚ ಬೇಡ.

ಜಿಎಸ್‌ಟಿ ರಿಟರ್ನ್. ವ್ಯಾಪಾರ ಶೂನ್ಯವಾದರೂ ನಿಲ್ ರಿಟರ್ನ್ ಹಾಕಿ. ತಡವಾದರೆ ದಂಡ ಏರುತ್ತದೆ, ನೋಂದಣಿ ರದ್ದಾಗಬಹುದು. ಬ್ಯಾಂಕು ಬಡ್ಡಿ ಬಿಟ್ಟುಕೊಡಬಹುದು, ಸರ್ಕಾರದ ಬಾಕಿ ಬಿಡುವುದಿಲ್ಲ. ದಿವಾಳಿ ಕಾಯ್ದೆಯಲ್ಲೂ ಸರ್ಕಾರದ ಬಾಕಿಯಿಂದ ಬಿಡುಗಡೆ ಇಲ್ಲ.

ಯಾವುದನ್ನು ನಿಲ್ಲಿಸಬಹುದು?

ಆ್ಯಪ್‌ಗಳ ಚಂದಾ, ಎಸ್‌ಐಪಿ, ಆರ್‌ಡಿ, ಪಿಗ್ಮಿ. ತೀರಿಸಲಾಗದ ಸಾಲದ ಬಡ್ಡಿಯ ಮುಂದೆ ಉಳಿತಾಯದ ಬಡ್ಡಿ ಏನೂ ಅಲ್ಲ. ಪಿಗ್ಮಿಯನ್ನು ಸಾಲವಿರುವ ಸಂಘದಲ್ಲೇ ಕಟ್ಟುತ್ತಿದ್ದರೆ ಆ ಹಣ ಸಾಲಕ್ಕೇ ಜಮಾ ಆಗುತ್ತದೆ ಎಂದು ತಿಳಿದೇ ಕಟ್ಟಿ. ಚೀಟಿಯಲ್ಲಿ ಈಗಾಗಲೇ ಎತ್ತಿದ್ದರೆ ಅದು ಸಾಲವೇ, ಪಟ್ಟಿಯ ಸಾಲದ ಕಡೆ ಬರೆಯಿರಿ. ಎತ್ತದಿದ್ದರೆ ಬೇರೆಯವರಿಗೆ ವರ್ಗಾಯಿಸಲು ಆಗುತ್ತದೆಯೇ ಕೇಳಿ.

ದೇಣಿಗೆಯ ಮಾತು. ತಿಂಗಳ ದೇಣಿಗೆ ನಿಲ್ಲಿಸಲು ಮನಸ್ಸು ಒಪ್ಪುವುದಿಲ್ಲ, ಜನ ಏನನ್ನುತ್ತಾರೋ ಎಂಬ ಅಳುಕು ಬೇರೆ. ಆದರೆ ಕೊಡಬೇಕಾದವರ ಹಣ ಬಾಕಿ ಇಟ್ಟುಕೊಂಡು ಮಾಡುವ ದಾನ ನಮ್ಮ ಸ್ವಂತ ಹಣದ್ದಲ್ಲ. ಸಮಿತಿಯವರನ್ನು ಖಾಸಗಿಯಾಗಿ ಕಂಡು ಸಮಯ ಕೇಳಿ. ಸಮಿತಿಗಳ ಹಿರಿಯರಲ್ಲಿಯೂ ನನ್ನ ವಿನಂತಿ, ಇಂಥ ಬಾಕಿಯ ಹೆಸರುಗಳನ್ನು ಸಭೆಯಲ್ಲಿ ಓದಬೇಡಿ.

ಸಾಲದ ಕಂತಿನ ಮ್ಯಾಂಡೇಟ್ ರದ್ದು ಮಾಡುವಾಗ

ಖಾತೆಯಲ್ಲಿ ಹಣವಿಲ್ಲದೆ ಮ್ಯಾಂಡೇಟ್ ಬಂದರೆ ನಿಮ್ಮ ಬ್ಯಾಂಕೂ ಶುಲ್ಕ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ, ಮೇಲೆ ಜಿಎಸ್‌ಟಿ. ಒಂದೇ ಕಂತನ್ನು ಮತ್ತೆ ಮತ್ತೆ ಹಾಕುವವರೂ ಇದ್ದಾರೆ. ಉದಾಹರಣೆಗೆ ಒಂದು ಬೌನ್ಸಿಗೆ ಎರಡೂ ಕಡೆ ಸೇರಿ 1,000 ರೂಪಾಯಿ ಎಂದುಕೊಳ್ಳಿ. ಮೂರು ಸಾಲ, ತಿಂಗಳಿಗೆ ಎರಡೆರಡು ಬಾರಿ ಎಂದರೆ 6,000 ರೂಪಾಯಿ. ಮನೆಯ ದಿನಸಿಯ ಹಣ ಸಾಲವನ್ನೂ ತೀರಿಸದೆ ಗಾಳಿಗೆ ಹೋದಂತೆ.

ಹಾಗೆಂದು ಸದ್ದಿಲ್ಲದೆ ರದ್ದು ಮಾಡಿ ಕೂರಬಾರದು. ಮೊದಲು ಸಾಲ ಕೊಟ್ಟವರಿಗೆ ಪತ್ರ ಅಥವಾ ಇಮೇಲ್ ಹೋಗಬೇಕು: ಆದಾಯ ಇಷ್ಟಕ್ಕೆ ಇಳಿದಿದೆ, ಮರುಹೊಂದಾಣಿಕೆಗೆ ಅಥವಾ ತೀರುವಳಿಗೆ ಅರ್ಜಿ ಕೊಟ್ಟಿದ್ದೇನೆ, ಅಲ್ಲಿಯವರೆಗೆ ತಿಂಗಳಿಗೆ ಇಷ್ಟು ಕೈಯಾರೆ ಕಟ್ಟುತ್ತೇನೆ, ದಯವಿಟ್ಟು ಮ್ಯಾಂಡೇಟ್ ಹಾಕಬೇಡಿ ಎಂದು. ಅದರ ಸ್ವೀಕೃತಿ ಇಟ್ಟುಕೊಂಡು ನಂತರ ನಿಮ್ಮ ಬ್ಯಾಂಕಿನಲ್ಲಿ ರದ್ದತಿ ಅರ್ಜಿ ಕೊಡಿ. ಕಂತಿನ ದಿನಕ್ಕೆ ಸಾಕಷ್ಟು ಮೊದಲೇ ಕೊಡಬೇಕು, ಹಿಂದಿನ ದಿನ ಕೊಟ್ಟರೆ ಪ್ರಯೋಜನವಿಲ್ಲ.

ಪತ್ರ ಏಕೆ ಬೇಕೆಂದರೆ, ಚೆಕ್ ಬೌನ್ಸ್ ಹೇಗೆ ಅಪರಾಧವೋ ಹಣವಿಲ್ಲದೆ ಮ್ಯಾಂಡೇಟ್ ಬೌನ್ಸ್ ಆಗುವುದೂ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಪ್ರಕಾರ ಅಪರಾಧ. ಶಿಕ್ಷೆ ಎರಡು ವರ್ಷದವರೆಗೆ ಜೈಲು, ಅಥವಾ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಅವರು ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಹಣ ಕಟ್ಟಲು ನಿಮಗೆ 15 ದಿನ ಇರುತ್ತದೆ. ಈ 15 ದಿನವನ್ನು ಯಾವ ಕಾರಣಕ್ಕೂ ಕಳೆದುಕೊಳ್ಳಬೇಡಿ, ಅಂದೇ ವಕೀಲರನ್ನು ಕಾಣಿ. ಮೊದಲೇ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕುಗಳ ನಂಬರುಗಳನ್ನೂ ಪಟ್ಟಿಯಲ್ಲಿ ಬರೆಯಿರಿ. ಸ್ಟಾಪ್ ಪೇಮೆಂಟ್ ಹೇಳಿದ ಮಾತ್ರಕ್ಕೆ ಚೆಕ್ ಕೇಸು ತಪ್ಪುವುದಿಲ್ಲ.

ರದ್ದು ಮಾಡಿದರೂ ಸಾಲ ಹಾಗೆಯೇ ಇರುತ್ತದೆ, ಬಡ್ಡಿ ಏರುತ್ತದೆ. 90 ದಿನ ಮೀರಿದರೆ ಖಾತೆ ಎನ್‌ಪಿಎ ಆಗುತ್ತದೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ಕಂತು ಕಟ್ಟಲು ಸಾಧ್ಯವಿರುವವರು ಈ ದಾರಿ ಹಿಡಿಯಬೇಡಿ. ಮತ್ತೊಂದು ಮಾತು: ಒಂದೇ ಕಡೆ ಎರಡು ಮೂರು ಸಾಲವಿದ್ದರೆ ಹಣ ಕಟ್ಟುವಾಗ ಯಾವ ಸಾಲಕ್ಕೆ ಎಂದು ಚಲನ್‌ನಲ್ಲೇ ಬರೆಯಿರಿ. ಹಾಗೆ ಹೇಳಿ ಕಟ್ಟಿದ ಹಣವನ್ನು ಸ್ವೀಕರಿಸಿದ ಮೇಲೆ ಅದೇ ಸಾಲಕ್ಕೆ ಜಮಾ ಮಾಡಬೇಕೆಂದು ಕರಾರು ಕಾಯ್ದೆ ಹೇಳುತ್ತದೆ.

ಮಾಡಲೇಬಾರದ ನಾಲ್ಕು ಕೆಲಸ

1. ಬ್ಯಾಂಕಿಗೆ ಕೊಡದೆ ಮಾವನವರ ಕೈಸಾಲ ಮೊದಲು ತೀರಿಸುವುದು. ಮರ್ಯಾದೆಗೆ ಅಂಜಿ ಎಲ್ಲರೂ ಮಾಡುವುದು ಇದನ್ನೇ. ದಿವಾಳಿ ಅರ್ಜಿಗೆ ಮೊದಲ ಮೂರು ತಿಂಗಳಲ್ಲಿ ಒಬ್ಬ ಸಾಲಗಾರನಿಗೆ ಪಕ್ಷಪಾತದಿಂದ ಕೊಟ್ಟಿದ್ದನ್ನು ಕೋರ್ಟು ರದ್ದು ಮಾಡಬಹುದು. ಆಗ ಮಾವನವರೇ ಹಣ ಹಿಂತಿರುಗಿಸಬೇಕಾಗುತ್ತದೆ.
2. ಮನೆ, ಸೈಟನ್ನು ಮಗನ ಹೆಸರಿಗೆ ದಾನಪತ್ರ ಮಾಡುವುದು. ಎರಡು ವರ್ಷದೊಳಗೆ ದಿವಾಳಿ ಎಂದು ಘೋಷಣೆಯಾದರೆ ಅಂಥ ಪತ್ರವೂ ನಿಲ್ಲುವುದಿಲ್ಲ.
3. ಒಂದು ಕಾರ್ಡಿನಿಂದ ಎಳೆದು ಇನ್ನೊಂದಕ್ಕೆ ಕಟ್ಟುವುದು, ಫೋನಿನ ಆ್ಯಪ್ ಸಾಲ ಮಾಡುವುದು.
4. ಕಂತು ನಿಲ್ಲಿಸಿ, ನಮಗೆ ಫೀ ಕೊಡಿ, ಅರ್ಧಕ್ಕೆ ತೀರಿಸಿಕೊಡುತ್ತೇವೆ ಎನ್ನುವ ಏಜೆಂಟರನ್ನು ನಂಬುವುದು. ತೀರುವಳಿಗೆ ಒಪ್ಪುವ ಅಧಿಕಾರ ಸಾಲ ಕೊಟ್ಟವರಿಗೆ ಮಾತ್ರ ಇರುವುದು.

ನೋಟಿಸ್ ಬಂದರೆ, ಕಿರುಕುಳವಾದರೆ

ನೋಟಿಸನ್ನು ಬೇಡವೆಂದು ಹಿಂದೆ ಕಳಿಸಬೇಡಿ. ಅಡವಿಟ್ಟ ಆಸ್ತಿಗೆ ಸರ್ಫೇಸಿ ಕಾಯ್ದೆಯಡಿ ಮೊದಲು 60 ದಿನಗಳ ನೋಟಿಸ್ ಬರುತ್ತದೆ. ಆಕ್ಷೇಪ ಬರೆದುಕೊಟ್ಟರೆ ಬ್ಯಾಂಕು 15 ದಿನದೊಳಗೆ ಉತ್ತರ ಕೊಡಬೇಕು. ಸ್ವಾಧೀನಕ್ಕೆ ಬಂದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ವಸೂಲಿಯವರು ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ನೆಂಟರ ಮುಂದೆ ಅವಮಾನ ಮಾಡುವಂತಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಸೌಹಾರ್ದ, ಪತ್ತಿನ ಸಹಕಾರಿ ಸಂಘಗಳು ಇದರ ವ್ಯಾಪ್ತಿಗೆ ಬರುವುದಿಲ್ಲ, ಅವುಗಳ ವಿಷಯಕ್ಕೆ ಸಹಕಾರ ಇಲಾಖೆಗೆ ಹೋಗಬೇಕು.

ತೀರುವಳಿ ಆದ ಮೇಲೆ

ಒಪ್ಪಂದದ ಪತ್ರ ಕೈಗೆ ಬರುವವರೆಗೆ ದೊಡ್ಡ ಮೊತ್ತ ಕಟ್ಟಬೇಡಿ. ಕಟ್ಟಿದ ಮೇಲೆ ನೋ ಡ್ಯೂ ಪತ್ರ, ಖಾಲಿ ಚೆಕ್ಕುಗಳು, ಮ್ಯಾಂಡೇಟ್ ರದ್ದಾದ ದಾಖಲೆ ಇವನ್ನು ಕೇಳಿ ಪಡೆಯಿರಿ. ಮನೆಪತ್ರ 30 ದಿನದೊಳಗೆ ವಾಪಸು ಬರಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಇದೆ. ಎರಡು ಮೂರು ತಿಂಗಳ ನಂತರ ಕ್ರೆಡಿಟ್ ವರದಿ ತೆಗೆಸಿ ನೋಡಿ. ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಉಚಿತವಾಗಿ ಕೊಡುತ್ತವೆ. ಕಡಿಮೆ ಮೊತ್ತಕ್ಕೆ ತೀರಿಸಿದ್ದರೆ ಅದರಲ್ಲಿ ಸೆಟಲ್ಡ್ ಎಂದು ಇರುತ್ತದೆ, ಅದು ಸಹಜ. ಬಾಕಿ ಎಂದೇ ಉಳಿದಿದ್ದರೆ ತಿದ್ದಿಸಬೇಕು.

ಕೊನೆಯದಾಗಿ, ಈ ಪಟ್ಟಿಯನ್ನು ಒಬ್ಬರೇ ಕುಳಿತು ರಾತ್ರಿ ಬರೆಯಬೇಡಿ. ಹೆಂಡತಿ, ಬೆಳೆದ ಮಕ್ಕಳು ಜೊತೆಗಿರಲಿ. ನನ್ನ ಮನೆಯಲ್ಲಿ ಆ ವಿಮೆಯ ಮೆಸೇಜನ್ನು ಮನೆಯವರು ಯಾರಾದರೂ ನೋಡಿದ್ದರೆ ಕೈಯಾರೆ ಕಟ್ಟಿಬಿಡುತ್ತಿದ್ದರು. ಸಾಲದ ವಿಷಯ ಅವರಿಂದ ಮುಚ್ಚಿಟ್ಟಿದ್ದರಿಂದ ಫೋನನ್ನೂ ಮುಚ್ಚಿಟ್ಟಿದ್ದೆ. ಸಾಲಕ್ಕಿಂತ ಅದೇ ನನಗೆ ಹೆಚ್ಚು ದುಬಾರಿಯಾಯಿತು.